ನೀರೆತ್ತುವ ಯಂತ್ರದ ಪಿಸ್ಟನ್ನಿಗೆ ತಕ್ಕ ಲೋಹ

ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗಳಿಗೆ ಬೇಸಗೆಯಲ್ಲಿ ನೀರು ತಪ್ಪಕೂಡದು. ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿಯೂ ಡೀಸೆಲ್ ಯಂತ್ರದಿಂದ ನೀರೆತ್ತುವ ರೈತರುಂಟು. ಇಂತಹ ವೇಳೆಯಲ್ಲಿ ಪಿಸ್ಟನ್ ಕಚ್ಚಿಕೊಂಡು ಯಂತ್ರವು ನಿಂತರೆ ಪೈರಿಗೇ ಹಾನಿ. ಆದುದರಿಂದ ಹೊಸ ಪಿಸ್ಟನ್ ಕೊಳ್ಳುವವರು ಅದರ ಲೋಹದ ಗುಣವನ್ನು ಅರಿತಿರತಕ್ಕದ್ದು.

ಎರಕದ ಕಬ್ಬಿಣ: ಇದು ಸವೆತವನ್ನು ಚೆನ್ನಾಗಿ ತಾಳುವುದು, ಕಾದಾಗ ಹಿಗ್ಗುವುದು ಕಡಮೆ. ಆದರೆ ಭಾರ ಹೆಚ್ಚು. ನಿಮಿಷಕ್ಕೆ ಸುಮಾರು 650 ಸುತ್ತು ತಿರುಗುವ ಹಳೆಯ ಮಾದರಿಯ ನಿಧಾನ ಯಂತ್ರಗಳಿಗೆ ಇದು ಒಪ್ಪುವುದು.

ಅಲ್ಯೂಮಿನಿಯಂ ಮಿಶ್ರಲೋಹ: ಸಮಗಾತ್ರದ ಕಬ್ಬಿಣದ ಅರ್ಧಕ್ಕಿಂತಲೂ ಇದರ ತೂಕ ಕಡಮೆ. ಶಾಖವನ್ನು ಬೇಗನೆ ಸಾಗಿಸುವುದರಿಂದ ಪಿಸ್ಟನ್ನಿನ ತಲೆಯು ಅತಿಯಾಗಿ ಕಾಯದು. 1500 ಸುತ್ತಿನ ವೇಗದ ಯಂತ್ರಗಳಿಗೆ ಇದೇ ಯೋಗ್ಯ. ಆದರೆ ಶುದ್ಧ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಇಮ್ಮಡಿ ಹಿಗ್ಗುವುದು. ಹಿಗ್ಗನ್ನೂ ಸವೆತವನ್ನೂ ತಗ್ಗಿಸಲು ಅದರೊಡನೆ ನೂರಕ್ಕೆ ಸುಮಾರು 12 ಪಾಲು ಸಿಲಿಕಾನ್ ಬೆರೆಸುವರು.

ಒಂದರ ಬದಲು ಮತ್ತೊಂದನ್ನು ಹಾಕುವುದರಲ್ಲಿಯೇ ಅಪಾಯವಿರುವುದು. ಕಬ್ಬಿಣಕ್ಕೆ ಬಿಟ್ಟಷ್ಟೇ ಸಂದನ್ನು ಅಲ್ಯೂಮಿನಿಯಂ ಪಿಸ್ಟನ್ನಿಗೂ ಬಿಟ್ಟರೆ, ಯಂತ್ರವು ಕಾದೊಡನೆ ಅದು ಸಿಲಿಂಡರನ್ನು ಕಚ್ಚುವುದು. ವೇಗದ ಯಂತ್ರಕ್ಕೆ ಕಬ್ಬಿಣದ ಪಿಸ್ಟನ್ ಹಾಕಿದರೆ, ಅದರ ಭಾರದಿಂದ ಕನೆಕ್ಟಿಂಗ್ ರಾಡಿಗೂ ಬೇರಿಂಗಿಗೂ ಪೆಟ್ಟು.

ಆದಕಾರಣ ಯಂತ್ರವನ್ನು ತಯಾರಿಸಿದವರು ವಿಧಿಸಿರುವ ಲೋಹ, ಅಳತೆ, ಸಂದು ಈ ಮೂರನ್ನೂ ಕೈಪಿಡಿಯಲ್ಲಿ ನೋಡಿಯೇ ಪಿಸ್ಟನ್ ಕೊಳ್ಳತಕ್ಕದ್ದು. ಜೋಡಿಸುವಾಗ ಮೇಸ್ತ್ರಿಯಿಂದ ಸಂದನ್ನು ಗೇಜಿನಲ್ಲಿ ಅಳೆಯಿಸಿ ನೋಡಬೇಕು. ಯಾವ ಲೋಹವೇ ಆಗಲಿ, ತಂಪುನೀರಿನ ಹರಿವು ನಿಂತರೆ ಉಳಿಯದು. ಬೆಲೆಯ ಅಗ್ಗವೊಂದನ್ನೇ ನೋಡಿದರೆ ಸಸಿಮಡಿ ಒಣಗುವ ಹೊತ್ತಿಗೆ ಪಶ್ಚಾತ್ತಾಪ ತಪ್ಪದು.