ಉಣ್ಣೆಗೆ ಮನೆಯಲ್ಲೇ ಬಣ್ಣ, ಕೈಯಲ್ಲೇ ನೂಲು

ದಖನಿ ಕುರಿಯ ಉಣ್ಣೆ ಒರಟು, ಬೆಲೆ ಬಾರದು ಎಂದು ಕತ್ತರಿಸಿದಲ್ಲಿಯೇ ಬಿಟ್ಟು ಬರುವವರಿದ್ದಾರೆ. ಕಂಬಳಿ, ಜಮಖಾನಗಳಿಗೆ ಈ ಒರಟುತನವೇ ಗುಣ. ಹೊಸದಾಗಿ ಕಲಿಯುವವರು 100 ಗ್ರಾಂ ಬಿಳಿ ಉಣ್ಣೆಯಿಂದ ಆರಂಭಿಸಬೇಕು. ಕರಿ ಉಣ್ಣೆಯ ಮೇಲೆ ಬಣ್ಣ ಕಾಣದು, ಅದನ್ನು ಹಾಗೆಯೇ ನೂಲುವುದು ಲೇಸು.

ಜಿಡ್ಡು ಹೋಗದಿದ್ದರೆ ಬಣ್ಣ ಮಚ್ಚೆಮಚ್ಚೆಯಾಗಿ ಹಿಡಿಯುತ್ತದೆ. ಆದುದರಿಂದ ಅಂಟುವಾಳದ ನೊರೆ ಬೆರೆತ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒತ್ತಿ ಹಿಂಡಿರಿ. ಉಜ್ಜಬಾರದು, ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಲೂಬಾರದು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂತಹ ಸೂಕ್ಷ್ಮ ಪದರಗಳಿವೆ. ಬಿಸಿನೀರು, ಉಜ್ಜಾಟ ಎರಡೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಗಟ್ಟಿಯಾಗುತ್ತದೆ. ಮತ್ತೆ ಬಿಡಿಸಲಾಗದು.

ಬಣ್ಣ ಕಚ್ಚಲು ಪಟಕ ಬೇಕು. 15 ಗ್ರಾಂ ಪಟಕವನ್ನು 4 ಲೀಟರ್ ನೀರಿನಲ್ಲಿ ಕರಗಿಸಿ, ಒದ್ದೆ ಉಣ್ಣೆಯನ್ನು ಮುಳುಗಿಸಿ, ಸಣ್ಣ ಉರಿಯಲ್ಲಿ ಕುದಿಯಗೊಡದೆ ಮುಕ್ಕಾಲು ಗಂಟೆ ಇಡಿ. ಆರಿದ ನಂತರ 100 ಗ್ರಾಂ ಒಣ ದಾಳಿಂಬೆ ಸಿಪ್ಪೆಯ ಕಷಾಯವನ್ನು ಸೋಸಿ, ತಣಿಸಿ, ಉಣ್ಣೆ ಹಾಕಿ ಅದೇ ರೀತಿ ನಿಧಾನವಾಗಿ ಕಾಯಿಸಿದರೆ ಹಳದಿ ಬರುತ್ತದೆ. ಕೊನೆಗೆ ಚಿಟಿಕೆ ಅನ್ನಭೇದಿ ಸೇರಿಸಿದರೆ ಬಣ್ಣ ಬೂದುಹಸಿರಿಗೆ ತಿರುಗುವುದು. ಹೆಚ್ಚಾದರೆ ಎಳೆ ಪೆಡಸಾಗುತ್ತದೆ. ಅರಿಶಿನ ಕಣ್ಣಿಗೆ ಚೆಂದ, ಬಿಸಿಲಿಗೆ ನಿಲ್ಲದು. ಈ ಪಾತ್ರೆಗಳನ್ನು ಅಡಿಗೆಗೆ ಬಳಸಬೇಡಿ.

ನೆರಳಿನಲ್ಲಿ ಒಣಗಿಸಿ, ಹಿಂಜಿ, ಹಂಜಿ ಮಾಡಿ ತಕಲಿಯಲ್ಲಿ ನೂಲಿರಿ. ಹುರಿ ಕಡಿಮೆಯಾದರೆ ನೂಲು ಜಗ್ಗಿ ಕಡಿಯುತ್ತದೆ, ಹೆಚ್ಚಾದರೆ ಸುರುಳಿ ಸುತ್ತಿಕೊಳ್ಳುತ್ತದೆ. ಮೊದಲ ಲಡಿ ದಪ್ಪ ತೆಳುವಾಗಿಯೇ ಬರುವುದು. ಲಡಿಯನ್ನು ಒದ್ದೆ ಮಾಡಿ, ಕೆಳಗೆ ಸಣ್ಣ ಭಾರ ಕಟ್ಟಿ ತೂಗುಹಾಕಿದರೆ ಹುರಿ ನಿಲ್ಲುತ್ತದೆ.