ದ್ರಾಕ್ಷಿ ಹಚ್ಚೂಕಿಂತ ಮೊದಲ

ತಮ್ಮಾ, ಹೊರದೇಶಕ್ಕ ಮಾಲು ಕಳಸ್ತೀನಂತ ಇದ್ದ ಹೊಲಕ್ಕೆಲ್ಲಾ ದ್ರಾಕ್ಷಿ ಹಚ್ಚಾಕ ಹೊಂಟೀಯಂತ. ಬ್ಯಾಡ ಅನ್ನಂಗಿಲ್ಲ. ಆದ್ರ ಪೈಪೋಟಿ ಅನ್ನೂದು ಹಡಗ ಹತ್ತಿದ ಮ್ಯಾಲ ಸುರು ಆಗತೈತಿ ಅಂತ ತಿಳಕೋಬ್ಯಾಡ. ನಮ್ಮ ಇಂಗಳೇಶ್ವರದ ತೊಗರಿ ಸಮುದ್ರ ದಾಟಂಗಿಲ್ಲ, ಆದ್ರೂ ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್ ತೊಗರಿ ಜೋಡಿ ಎಪಿಎಂಸಿಯೊಳಗ ಕುಸ್ತಿ ಹಿಡೀತೈತಿ. 2021ರ ಮೇದಾಗ ಆಮದಿನ ಮಿತಿ ತಗದ್ರು. ಬ್ಯಾಳಿ ಮಿಲ್ಲಿನವ ಊರು ಕೇಳಂಗಿಲ್ಲ, ರೇಟ್ ಕೇಳ್ತಾನ. 2024-25ರಾಗ ತೊಗರಿ ಬೆಂಬಲ ಬೆಲಿ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ರಾಜ್ಯ ಸರಕಾರ ಮ್ಯಾಲ 450 ಕೂಡಿಸಿ 8,000 ಮಾಡಬೇಕಾತು.

ಉಳ್ಳಾಗಡ್ಡಿ ಕತಿ ನಿನಗೂ ಗೊತ್ತೈತಿ. 2023ರ ಡಿಸೆಂಬರ್ 8ಕ್ಕ ರಫ್ತು ಬಂದ್, ಮುಂದಿನ ಮೇದಾಗ ಬಿಟ್ರು, ಬಿಟ್ಟ ಮ್ಯಾಲೂ 40 ಪರ್ಸೆಂಟ್ ಸುಂಕ. ಅಲ್ಲಿತನಕ ದುಬೈ ವ್ಯಾಪಾರಿ ಉಪವಾಸ ಕುಂಡರ್ತಾನೇನು? ಪಾಕಿಸ್ತಾನದ ಗಡ್ಡಿ ತರಸ್ಕೊಂಡ. ದಿಲ್ಲಿಯವರ ಹುಕುಂ ನಿನ್ನ ಕೈಯಾಗಿಲ್ಲ, ಅದಕ್ಕ ಇದ್ದ ಎಕರೆ ಎಲ್ಲಾ ಒಂದ ಬೆಳಿಗೆ ಹಾಕಬ್ಯಾಡ. ಕಾಲು ಭಾಗ ಜ್ವಾಳ ಇರಲಿ. ನಿಮ್ಮವ್ವನ ಕೈರೊಟ್ಟಿಗೆ ಯಾರೂ ಸುಂಕ ಹಾಕಂಗಿಲ್ಲ.

ನಿನ್ನ ಕೈಯಾಗಿರೂದು ಎಣ್ಣಿ ಹೊಡಿಯೂ ಲೆಕ್ಕ. 2010ರಾಗ ಯುರೋಪಿನವರು ನಮ್ಮ ದೇಶದ ದ್ರಾಕ್ಷಿ ತಡದ್ರು. ಹಣ್ಣು ಕೊಳತಿರಲಿಲ್ಲ, ಸಿಹಿ ಕಡಿಮಿ ಇರಲಿಲ್ಲ. ಬಳ್ಳಿ ಜಿಗಿಯೂದನ್ನ ತಡಿಯಾಕ ಹೊಡಿಯೂ ಕ್ಲೋರ್ಮೆಕ್ವಾಟ್ ಔಷಧದ ಉಳಿಕಿ ಅವರ ಮಿತಿಗಿಂತ ಹೆಚ್ಚು ಸಿಕ್ಕಿತ್ತು, ಅಷ್ಟ. ಅಂಗಡಿಯವ ಕೊಟ್ಟಾನಂತ ಡಬ್ಬಿ ಬಗ್ಗಸಬ್ಯಾಡ. ಯಾವ ದಿನ, ಯಾವ ಔಷಧ, ಎಷ್ಟು ಮಿಲಿ, ಕೊಯ್ಲಿಗೆ ಎಷ್ಟು ದಿನ ಉಳದಾವು, ಎಲ್ಲಾ ಅವತ್ತ ಸಂಜಿಗೆ ವಹಿಯೊಳಗ ಬರಿ. ರಫ್ತು ದ್ರಾಕ್ಷಿಯ ಸರಕಾರಿ ದಾಖಲಾತಿ ಗ್ರೇಪ್‌ನೆಟ್‌ದಾಗ ತ್ವಾಟ ನೋಂದಾಯಿಸದಿದ್ರ ಯುರೋಪಿಗೆ ಒಂದು ಪೆಟಿಗಿನೂ ಹೋಗಂಗಿಲ್ಲ. ಇದನ್ನೆಲ್ಲಾ ಮಾಡಾಕ ಬ್ಯಾಸರಾದ್ರ ಮಂದಿಯಂಗ ಒಣದ್ರಾಕ್ಷಿ ಮಾಡಿ ತಾಸಗಾಂವ ಪ್ಯಾಟಿಗೆ ಒಯ್ಯಿ. ಅಲ್ಲೂ ಅಫ್ಘಾನಿಸ್ತಾನದ ಮಾಲು ರೇಟ್ ಜಗ್ಗತೈತಿ, ಅದು ನೆನಪಿರಲಿ.

ಇಂಡಿ ಲಿಂಬಿ ನೋಡು. ಜಿಐ ಟ್ಯಾಗ್ ಸಿಕ್ಕು 2025ರಾಗ ಯುಎಇಗೆ ಹೋತು. ಹೆಸರು ಸಿಕ್ಕರ ಸಾಲಂಗಿಲ್ಲ, ಒಂದ ಅಳತಿ, ಒಂದ ಬಣ್ಣದ ಕಾಯಿ ಹೇಳಿದ ದಿನ ಹೇಳಿದಷ್ಟು ಕೂಡಬೇಕು. ಒಬ್ಬನ ತ್ವಾಟದಾಗ ಅದು ಆಗೂ ಮಾತಲ್ಲ, ನಾಕೈದು ಊರಿನವರು ಒಂದಾಗಬೇಕು. ಚಪ್ಪರದ ಕಂಬಕ್ಕ ಮುಂಗಡ ಕೊಡೂಕಿಂತ ಮೊದಲ ಇಂಡಿಗೆ ಹೋಗು. ಕಾಯಿ ಹ್ಯಾಂಗ ಆರಿಸ್ತಾರ, ತಿರಸ್ಕಾರ ಆದ ಮಾಲು ಯಾರ ತಲಿ ಮ್ಯಾಲ ಬೀಳತೈತಿ, ರೊಕ್ಕ ಎಷ್ಟು ದಿನಕ್ಕ ಕೈಗೆ ಬರತೈತಿ, ಈ ಮೂರೂ ಕೇಳಕೊಂಡು ಬಾ. ಬ್ಯಾಂಕಿಗೆ ಆಮ್ಯಾಲ ಹೋಗೂಣು, ನಾನೂ ಬರ್ತೀನಿ.