ಗಣಕಯಂತ್ರದ ಮೆಮೊರಿ: ವೇಗಕ್ಕಿಂತ ಸ್ಥಿರತೆ ಮೇಲು

ಕೈಬರಹದ ಕಿರ್ದಿ, ಖತಾವಣಿಗಳ ಕಾಲದಲ್ಲಿ ತಾಳೆಪಟ್ಟಿ ಕೂಡದಿದ್ದರೆ ಹಿರಿಯ ಗುಮಾಸ್ತರು ವ್ಯತ್ಯಾಸದ ಮೊತ್ತವನ್ನು ಮೊದಲು 9ರಿಂದ ಭಾಗಿಸಿ ನೋಡುತ್ತಿದ್ದರು. ನಿಶ್ಶೇಷವಾಗಿ ಭಾಗವಾದರೆ 540ರ ಬದಲು 450 ಬರೆದಂತೆ ಎಲ್ಲಿಯೋ ಅಂಕೆಗಳು ಅದಲುಬದಲಾಗಿರಬಹುದೆಂದು ಊಹಿಸುತ್ತಿದ್ದರು. ಗಣಕಯಂತ್ರದ ಮೆಮೊರಿಯಲ್ಲಾಗುವ ತಪ್ಪಿಗೆ ಇಂತಹ ಸುಲಭದ ಗುರುತು ಇರುವುದಿಲ್ಲ. ಅದು ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ ಒಂದು ನಿದರ್ಶನವಿದೆ. 2003ರ ಮೇ 18ರ ಬೆಲ್ಜಿಯಂ ಚುನಾವಣೆಯಲ್ಲಿ ಸ್ಕಾರ್ಬೆಕ್ ಎಂಬಲ್ಲಿ ಅಭ್ಯರ್ಥಿಯೊಬ್ಬರಿಗೆ 4096 ಮತಗಳು ಹೆಚ್ಚಾಗಿ ದಾಖಲಾದವು. 4096 ಎಂದರೆ ಹನ್ನೆರಡು 2ಗಳ ಗುಣಲಬ್ಧ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದ್ದೇ ಕಾರಣವೆಂದು ತಜ್ಞರು ಅಭಿಪ್ರಾಯಪಟ್ಟರು. ಅಲ್ಲಿ ನಡೆದುದು ಆಕಸ್ಮಿಕ. ಆದರೆ ಮೆಮೊರಿಯ ವೇಗ ಮತ್ತು ವೋಲ್ಟೇಜನ್ನು ತಪ್ಪಾಗಿ ಹೊಂದಿಸಿದರೆ ಅಂತಹ ತಪ್ಪುಗಳನ್ನು ನಾವೇ ಆಹ್ವಾನಿಸಿದಂತಾಗುತ್ತದೆ.

ಸ್ವಾನುಭವ

ದುಂಡಸಿಯ ನಮ್ಮ ಕಚೇರಿಯಲ್ಲಿ 2023ರ ಮಾರ್ಚ್ ಅಂತ್ಯದಲ್ಲಿ ಯಂತ್ರವೊಂದು ನಿಧಾನವಾಯಿತೆಂದು, ಇದ್ದ 8 ಜಿಬಿ ಮೆಮೊರಿಗೆ ಇನ್ನೊಂದು 8 ಜಿಬಿ ಸೇರಿಸಲಾಯಿತು. ಹಳೆಯದು 2400ರ ವೇಗದ್ದು, ಹೊಸದು 3200ರದ್ದು. ದುರಸ್ತಿಗೆ ಬಂದವರು ಎರಡನ್ನೂ 3200ಕ್ಕೇರಿಸಿ ಹೋದರು. ಎರಡು ದಿನ ಎಲ್ಲವೂ ಸುಗಮವಾಗಿತ್ತು. ಮೂರನೆಯ ದಿನ ನೀಲಿ ಪರದೆ ಬಂದು ಯಂತ್ರ ನಿಂತಿತು. ಗೋವಿನಜೋಳದ ಅಡತಿ ವ್ಯಾಪಾರಿಯೊಬ್ಬರ ಲೆಕ್ಕದ ಬ್ಯಾಕಪ್ ತೆರೆಯಲೇ ಇಲ್ಲ. ಹಿಂದಿನ ಶುಕ್ರವಾರದ ಪ್ರತಿ ಪೆನ್‌ಡ್ರೈವಿನಲ್ಲಿದ್ದುದರಿಂದ ಮಾನ ಉಳಿಯಿತು. ನಡುವಿನ ನಮೂದುಗಳನ್ನೆಲ್ಲ ಬಿಲ್ಲುಗಳನ್ನು ನೋಡಿ ಮತ್ತೆ ಬರೆಯಬೇಕಾಯಿತು. ರಾತ್ರಿಯಿಡೀ ಮೆಮೊರಿ ಪರೀಕ್ಷೆ ನಡೆಸಿದಾಗ ಹಲವು ದೋಷಗಳು ಕಂಡುಬಂದವು. ವೇಗವನ್ನು 2400ಕ್ಕೂ ವೋಲ್ಟೇಜನ್ನು 1.2ಕ್ಕೂ ಇಳಿಸಿದ ಮೇಲೆ ಒಂದು ದೋಷವೂ ಬರಲಿಲ್ಲ.

ವೇಗ ಎಂದರೇನು?

ಲಾರಿ ತೂಗುವ ಎಲೆಕ್ಟ್ರಾನಿಕ್ ತೂಕದ ಕಟ್ಟೆಯನ್ನು ನೆನಪಿಸಿಕೊಳ್ಳಿರಿ. ಅಂಕೆಗಳು ಕ್ಷಣಕಾಲ ಓಲಾಡಿ ನಂತರ ನಿಲ್ಲುತ್ತವೆ. ನಿಲ್ಲುವ ಮುನ್ನವೇ ಬರೆದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ತೂಕ ಮಾತ್ರ ತಪ್ಪಾಗುತ್ತದೆ. ಮೆಮೊರಿಯ ವಿದ್ಯುತ್ ಸಂಕೇತವೂ ಹೀಗೆಯೇ. ವೇಗ ಹೆಚ್ಚಿದಷ್ಟೂ ಸಂಕೇತ ಸ್ಥಿರಗೊಳ್ಳಲು ದೊರೆಯುವ ಸಮಯ ಕಡಿಮೆಯಾಗುತ್ತದೆ.

ಚೀಟಿಯ ಮೇಲಿನ ದೊಡ್ಡ ಅಂಕೆಗೂ ಮರುಳಾಗಬಾರದು. ಸಿಎಲ್ ಎಂಬ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ, ಮಾಹಿತಿ ಕೇಳಿದ ಮೇಲೆ ಕಾಯಬೇಕಾದ ಅವಧಿ ನ್ಯಾನೊಸೆಕೆಂಡುಗಳಲ್ಲಿ ಸಿಗುತ್ತದೆ. 2400 ವೇಗ, ಸಿಎಲ್ 17 ಇದ್ದರೆ 14.17. 3200 ವೇಗ, ಸಿಎಲ್ 22 ಇದ್ದರೆ 13.75. ಒಟ್ಟಾರೆ ಸಾಗಿಸುವ ಮಾಹಿತಿಯ ಪ್ರಮಾಣ ಹೆಚ್ಚಿದರೂ ಕಾಯುವ ಅವಧಿಯಲ್ಲಿ ಅರ್ಧ ನ್ಯಾನೊಸೆಕೆಂಡಿನ ಉಳಿತಾಯವೂ ಇಲ್ಲ. ನಮ್ಮ ಯಂತ್ರಕ್ಕೆ ನಿಜವಾಗಿ ಬೇಕಾಗಿದ್ದುದು 16 ಜಿಬಿಯ ವಿಸ್ತಾರ, 3200ರ ವೇಗವಲ್ಲ.

ವೋಲ್ಟೇಜ್ ವಿಚಾರ

ವೋಲ್ಟೇಜ್ ಎಂದೊಡನೆ ನಮಗೆ ಹೆಸ್ಕಾಂ ಲೈನಿನ 230 ವೋಲ್ಟ್, ಸ್ಟೆಬಿಲೈಸರ್, ಯುಪಿಎಸ್ ನೆನಪಾಗುತ್ತವೆ. ಯಂತ್ರದ ಸುರಕ್ಷತೆಗೆ ಅವು ಅವಶ್ಯವೇ ಆದರೂ ಮೆಮೊರಿಯ ವೋಲ್ಟೇಜನ್ನು ನಿರ್ಧರಿಸುವುದು ಯಂತ್ರದೊಳಗಿನ ಮದರ್‌ಬೋರ್ಡ್. ಜೆಡೆಕ್ ಸಂಸ್ಥೆಯ ಮಾನಕದಂತೆ ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1 ವೋಲ್ಟ್. ಡಿಡಿಆರ್4ರಲ್ಲಿ 0.06 ವೋಲ್ಟಿನಷ್ಟು ಏರಿಳಿತಕ್ಕೆ ಮಾತ್ರ ಅವಕಾಶವಿದೆ. ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಒತ್ತಿದರೆ ತಯಾರಕರು ಬರೆದಿಟ್ಟ ಹೆಚ್ಚಿನ ವೇಗ ಜಾರಿಗೆ ಬಂದು, ಅನೇಕ ಡಿಡಿಆರ್4 ಮೆಮೊರಿಗಳಲ್ಲಿ ವೋಲ್ಟೇಜ್ 1.35ಕ್ಕೇರುತ್ತದೆ. ವೋಲ್ಟೇಜ್ ಏರಿಸಿದರೆ ಹೆಚ್ಚಿನ ವೇಗದಲ್ಲಿಯೂ ಸಂಕೇತ ನಿಲ್ಲಬಹುದು. ಆದರೆ ಶಾಖವೂ ಏರುತ್ತದೆ. ಮೆಮೊರಿಯ ಕೋಶಗಳನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪುನಃ ತುಂಬಬೇಕು. 85 ಡಿಗ್ರಿ ದಾಟಿದರೆ ಅದರ ಅರ್ಧ ಅವಧಿಗೇ ತುಂಬಬೇಕಾಗುತ್ತದೆ. ಮೆಣಸಿನಕಾಯಿ, ಗೋವಿನಜೋಳದ ಧೂಳು ಫ್ಯಾನಿಗೆ ಮೆತ್ತಿಕೊಳ್ಳುವ ನಮ್ಮ ಅಂಗಡಿಗಳಲ್ಲಿ ಇದನ್ನು ಅಲಕ್ಷಿಸಲಾಗದು.

ಅನುಸರಿಸಬೇಕಾದ ಕ್ರಮ

1. ಮೊದಲು ಬ್ಯಾಕಪ್ ತೆಗೆದು, ಅದು ಇನ್ನೊಂದು ಯಂತ್ರದಲ್ಲಿ ತೆರೆಯುವುದೇ ಎಂದು ನೋಡಿರಿ.

2. ಯಂತ್ರ ಆರಂಭವಾಗುವಾಗ ಬಯಾಸ್ ತೆರೆದು, ಈಗಿರುವ ವೇಗ, ಸಿಎಲ್, ವೋಲ್ಟೇಜುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಬಹುಮಟ್ಟಿಗೆ ಇರುವುದಿಲ್ಲ.

3. ಎರಡು ಬಗೆಯ ಮೆಮೊರಿಗಳಿದ್ದರೆ ನಿಧಾನವಾದುದರ ವೇಗವನ್ನೇ ಎರಡಕ್ಕೂ ಇಡಿರಿ. ಸಾಧ್ಯವಿದ್ದರೆ ಜೋಡಿಯಾಗಿ ಮಾರುವ ಮೆಮೊರಿಯನ್ನೇ ಕೊಳ್ಳಿರಿ.

4. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಯಂತ್ರ ಆರಂಭವಾಗದಿದ್ದರೆ ಬಯಾಸನ್ನು ಮೂಲಸ್ಥಿತಿಗೆ ತರುವ ವಿಧಾನ ಮದರ್‌ಬೋರ್ಡಿನ ಕೈಪಿಡಿಯಲ್ಲಿರುತ್ತದೆ.

5. ಪ್ರತಿ ಬದಲಾವಣೆಯ ನಂತರ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿರಿ. ವಿಂಡೋಸಿನಲ್ಲಿಯೂ ಮೆಮೊರಿ ಡಯಾಗ್ನೊಸ್ಟಿಕ್ ಎಂಬ ಪರೀಕ್ಷೆಯಿದೆ. ಒಂದೇ ದೋಷ ಬಂದರೂ ಆ ಹೊಂದಾಣಿಕೆ ತಿರಸ್ಕಾರಯೋಗ್ಯ. ಮಾನಕದ ವೇಗದಲ್ಲಿಯೂ ದೋಷ ಬಂದರೆ ಒಂದೊಂದನ್ನೇ ಬಿಡಿಯಾಗಿ ಪರೀಕ್ಷಿಸಿ, ಕೆಟ್ಟುದನ್ನು ಬದಲಿಸಿರಿ.

ಕಂಪನಿ ಕಾಯ್ದೆಯ 128ನೆಯ ಕಲಮಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ವರ್ಷ ಕಾಯ್ದಿಡಬೇಕು. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ನೋಂದಾಯಿತ ವರ್ತಕರು ವಾರ್ಷಿಕ ವಿವರಣಾ ಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಮೆಮೊರಿಯಲ್ಲಿ ಕೆಟ್ಟ ಅಂಕೆ ಡಿಸ್ಕಿಗೆ ಹೋದರೆ, ಬ್ಯಾಕಪ್ ಅದನ್ನೇ ಪ್ರಾಮಾಣಿಕವಾಗಿ ನಕಲು ಮಾಡುತ್ತದೆ. ಒಂದು ನಿಮಿಷದ ಉಳಿತಾಯಕ್ಕಾಗಿ ವರ್ಷಗಳ ಲೆಕ್ಕವನ್ನು ಪಣಕ್ಕಿಡುವುದು ವ್ಯಾಪಾರಿ ಬುದ್ಧಿಯಲ್ಲ. ವರ್ತಕ ಬಾಂಧವರು ಮುಂದಿನ ವರ್ಷಾಂತ್ಯಕ್ಕೆ ಮುನ್ನ ಒಂದು ರಾತ್ರಿಯನ್ನು ಈ ಪರೀಕ್ಷೆಗೆ ಮೀಸಲಿಡಬೇಕೆಂದು ವಿನಂತಿ.